ವೈದ್ಯರ ಫೀಜೂ ರೋಗಿಯ ತಕರಾರೂ



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿರುವರು. ರೋಗವನ್ನೂ ಜಗಳವನ್ನೂ ಅವರು ಒಂದೇ ಗಾದೆಯಲ್ಲಿ ಹೊಂದಿಸಿದುದು ಸುಮ್ಮನೆ ಅಲ್ಲ. ಇವೆರಡೂ ಒಂದೇ ಸ್ಥಳದಲ್ಲಿ ಸಂಧಿಸುವ ಗಳಿಗೆಯೊಂದುಂಟು. ಅದು ಆಸ್ಪತ್ರೆಯಲ್ಲಿ ಹಣ ಕಟ್ಟುವ ಕಿಟಕಿಯ ಮುಂದೆ ನಾವು ನಿಲ್ಲುವ ಗಳಿಗೆ. ಒಳಗೆ ವೈದ್ಯರನ್ನು ಕಂಡು ಬಂದಾಗಿದೆ. ಮನಸ್ಸಿಗೆ ಸಮಾಧಾನವಾಗಿಲ್ಲ. ಕೈಯಲ್ಲಿ ಬಿಲ್ಲು ಬಂದಿದೆ. ಅದರ ಮೊತ್ತವು ನಾವು ಎಣಿಸಿದುದರ ಎರಡರಷ್ಟಿದೆ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದಾರೆ. ಇಂತಹ ಗಳಿಗೆಯಲ್ಲಿ ವಿದ್ಯಾವಂತನಾದ ನಗರವಾಸಿಯು ಮಾಡುವುದು ಎರಡರಲ್ಲಿ ಒಂದು. ಒಂದೋ, ತುಟಿಪಿಟಕ್ಕೆನ್ನದೆ ಹಣ ಕಟ್ಟಿ, ಮನೆಗೆ ಬಂದು, ಮುಂದಿನ ಆರು ತಿಂಗಳು ಬಂಧುಬಳಗದವರ ಮುಂದೆ ಆ ವೈದ್ಯರನ್ನು ನಿಂದಿಸುವುದು. ಇಲ್ಲವೇ, ಆ ಕಿಟಕಿಯಲ್ಲಿಯೇ ಕಂಠವನ್ನೆತ್ತಿ, ಬಿಲ್ಲನ್ನು ಬರೆದವನೂ ಅಲ್ಲದ, ಬದಲಿಸಬಲ್ಲವನೂ ಅಲ್ಲದ ಗುಮಾಸ್ತನೊಡನೆ ಕಾದಾಡುವುದು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಮಾನ ಹೋಗುತ್ತದೆ. ಈ ಎರಡಕ್ಕೂ ನಡುವೆ ಗೃಹಸ್ಥರಾದವರು ನಡೆಯತಕ್ಕ ಮೂರನೆಯ ದಾರಿಯೊಂದು ಇದೆಯೆಂಬುದನ್ನು ತಮ್ಮಲ್ಲಿ ವಿಜ್ಞಾಪಿಸುವುದೇ ಈ ಹೊತ್ತಿನ ನಮ್ಮ ಭಾಷಣದ ಉದ್ದೇಶ.

ವೈದ್ಯರೊಡನೆ ಹಣದ ಮಾತನಾಡುವುದೆಂದರೆ ನಮಗೆ ಸಂಕೋಚ. ಸೀರೆಯ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ಮಾಡುವವರು ಆಸ್ಪತ್ರೆಯಲ್ಲಿ ಹತ್ತು ಸಾವಿರಕ್ಕೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಸಂಕೋಚವು ಹಳೆಯ ಕಾಲದ ಒಂದು ಸುಂದರವಾದ ನಡತೆಯಿಂದ ಬಂದುದು. ಮನೆಯ ಎಲ್ಲರ ನಾಡಿಯನ್ನೂ ಬಲ್ಲ ಪಂಡಿತರು ತಾವಾಗಿ ಹಣ ಕೇಳುತ್ತಿರಲಿಲ್ಲ. ಮನೆಯವರು ತಾಂಬೂಲದೊಡನೆ ಶಕ್ತ್ಯನುಸಾರ ಇಟ್ಟುದನ್ನು ಎಣಿಸದೆ ತೆಗೆದುಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಭತ್ತ ಹೋಗುತ್ತಿತ್ತು, ಹಬ್ಬದಲ್ಲಿ ತೆಂಗಿನಕಾಯಿ ಹೋಗುತ್ತಿತ್ತು. ಅಲ್ಲಿ ಲೆಕ್ಕವಿರಲಿಲ್ಲ, ಆದಕಾರಣ ತಕರಾರೂ ಇರಲಿಲ್ಲ. ಆದರೆ ಇಂದು ನಮ್ಮ ಕೈಗೆ ಬರುವ ಬಿಲ್ಲು ಒಬ್ಬ ವೈದ್ಯನು ಬರೆದುದಲ್ಲ. ಅದರಲ್ಲಿ ವೈದ್ಯರ ಫೀಜು ಒಂದು ಸಾಲು. ಉಳಿದ ಸಾಲುಗಳು ಪ್ರಯೋಗಶಾಲೆಯವು, ಕ್ಷ-ಕಿರಣದ ಕೊಠಡಿಯವು, ಔಷಧದ ಅಂಗಡಿಯವು, ಹಾಸಿಗೆಯ ಬಾಡಿಗೆಯವು. ಅದನ್ನು ಜೋಡಿಸಿದುದು ಗಣಕಯಂತ್ರ. ತಾಂಬೂಲದ ತಟ್ಟೆಗೆ ಸಲ್ಲಬೇಕಾದ ಮೌನವನ್ನು ಗಣಕಯಂತ್ರದ ಮುಂದೆ ಆಚರಿಸುವುದು ವಿನಯವಲ್ಲ. ಅದು ವಿನಯವನ್ನು ಅಪಾತ್ರದಲ್ಲಿ ದಾನಮಾಡಿದಂತೆ.

ಹಾಗೆಂದು, ಗುಣವಾಗಲಿಲ್ಲವೆಂದ ಮಾತ್ರಕ್ಕೆ ಹಣ ಕೊಡಬೇಕಾದುದಿಲ್ಲವೆಂದು ವಾದಿಸುವುದೂ ಸರಿಯಲ್ಲ. ವೈದ್ಯನಿಗೆ ನಾವು ಕೊಡುವುದು ಯಾವುದರ ಬೆಲೆ? ಗುಣದ ಬೆಲೆಯೋ, ಶ್ರಮದ ಬೆಲೆಯೋ? ಈ ಪ್ರಶ್ನೆಯು ಬಹಳ ಹಳೆಯದು. ಸುಮಾರು 3,700 ವರ್ಷಗಳ ಹಿಂದೆ ಬಾಬಿಲೋನಿನ ಹಮ್ಮುರಾಬಿ ದೊರೆಯು ಕಲ್ಲಿನಲ್ಲಿ ಕೆತ್ತಿಸಿದ ಶಾಸನದಲ್ಲಿ ಶಸ್ತ್ರವೈದ್ಯನ ಫೀಜು ನಿಗದಿಯಾಗಿದೆ. ಕಂಚಿನ ಕತ್ತಿಯಿಂದ ಶಸ್ತ್ರಕ್ರಿಯೆ ಮಾಡಿ ಪ್ರಾಣವನ್ನೋ ಕಣ್ಣನ್ನೋ ಉಳಿಸಿದರೆ, ರೋಗಿಯು ಉತ್ತಮವರ್ಗದವನಾದರೆ 10 ಷೆಕೆಲ್ ಬೆಳ್ಳಿ, ಸಾಮಾನ್ಯನಾದರೆ 5, ಗುಲಾಮನಾದರೆ ಅವನ ಯಜಮಾನನು ಕೊಡತಕ್ಕದ್ದು 2. ಇಲ್ಲಿಯವರೆಗೆ ಓದಿದರೆ ವ್ಯವಸ್ಥೆಯು ಸೊಗಸಾಗಿ ಕಾಣುತ್ತದೆ. ಆದರೆ ಮುಂದಿನ ವಿಧಿಯೇನೆಂದರೆ, ಉತ್ತಮವರ್ಗದ ರೋಗಿಯು ಸತ್ತರೆ ಅಥವಾ ಅವನ ಕಣ್ಣು ಹೋದರೆ ವೈದ್ಯನ ಕೈಯನ್ನು ಕತ್ತರಿಸತಕ್ಕದ್ದು. ಫಲಕ್ಕೆ ಮಾತ್ರವೇ ಬೆಲೆ ಕಟ್ಟುವ ನ್ಯಾಯವು ಕೊನೆಗೆ ಮುಟ್ಟುವ ಸ್ಥಳವಿದು. ಇಂತಹ ಊರಿನಲ್ಲಿ ಕಠಿನವಾದ ರೋಗವನ್ನು ಮುಟ್ಟುವ ಧೈರ್ಯ ಯಾವ ವೈದ್ಯನಿಗೆ ಬಂದೀತು?

ನಮ್ಮ ಕೌಟಲ್ಯನ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಅವನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತೆಂಬುದು ನಮ್ಮ ನಾಡಿನವರಿಗೆ ಹೆಮ್ಮೆಯ ಸಂಗತಿ. ಪ್ರಾಣಾಪಾಯವುಳ್ಳ ಚಿಕಿತ್ಸೆಯನ್ನು ಮುಂಚಿತವಾಗಿ ತಿಳಿಸದೆ ಕೈಗೊಂಡ ವೈದ್ಯನಿಗೆ, ರೋಗಿ ಮಡಿದರೆ, ಒಂದು ದಂಡ; ಚಿಕಿತ್ಸೆಯ ದೋಷದಿಂದಲೇ ಮಡಿದರೆ ಅದಕ್ಕಿಂತ ಹೆಚ್ಚಿನ ದಂಡ ಎಂದು ಆ ಗ್ರಂಥವು ವಿಧಿಸುತ್ತದೆ. ರೋಗಿಗೆ ಗುಣವಾಯಿತೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿಯದೆ, ವೈದ್ಯನು ಮುಂಚಿತವಾಗಿ ತಿಳಿಸಿದನೇ, ಮಾಡಿದುದನ್ನು ಸರಿಯಾಗಿ ಮಾಡಿದನೇ ಎಂಬ ಎರಡು ಪ್ರಶ್ನೆಗಳನ್ನು ಅದು ಬೇರೆಬೇರೆಯಾಗಿ ಕೇಳುತ್ತದೆ. ಇಂದಿನ ನ್ಯಾಯವೂ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿದೆ.

ಭಾರತದ ವೈದ್ಯರ ನಡವಳಿಕೆಯನ್ನು ಕುರಿತು 2002ರಲ್ಲಿ ಹೊರಟ ನಿಯಮಾವಳಿಯಲ್ಲಿ ಫೀಜಿನ ವಿಷಯವಾಗಿ ಎರಡು ವಿಧಿಗಳು ಅಕ್ಕಪಕ್ಕದಲ್ಲಿವೆ. ವೈದ್ಯನು ತನ್ನ ಫೀಜನ್ನು ಸೇವೆಗೆ ಮೊದಲೇ ತಿಳಿಸತಕ್ಕದ್ದು, ಚಿಕಿತ್ಸೆ ನಡೆಯುತ್ತಿರುವಾಗ ಅಲ್ಲ ಎಂಬುದು ಒಂದು. ಗುಣವಾಗದಿದ್ದರೆ ಹಣ ಬೇಡ ಎಂಬ ಕರಾರನ್ನು ಮಾಡಿಕೊಳ್ಳುವುದು ವೈದ್ಯಧರ್ಮಕ್ಕೆ ವಿರುದ್ಧವೆಂಬುದು ಮತ್ತೊಂದು. ಎರಡನೆಯದನ್ನು ಕೇಳಿ ರೋಗಿಗಳಾದ ನಾವು ಮುಖ ಚಿಕ್ಕದು ಮಾಡಿಕೊಳ್ಳಬೇಕಾದುದಿಲ್ಲ. ಗುಣಕ್ಕೆ ಭರವಸೆ ಕೊಟ್ಟು ಹಣ ಕೀಳುವ ಕಪಟವೈದ್ಯರಿಂದ ನಮ್ಮನ್ನು ಕಾಪಾಡುವ ವಿಧಿಯೂ ಇದೇ. ಅಷ್ಟೇ ಅಲ್ಲ. ಫೀಜು ಶ್ರಮದ ಬೆಲೆಯೆಂದು ಒಪ್ಪಿಕೊಂಡ ಕೂಡಲೇ, ಆ ಮಾತಿನ ಮಗ್ಗುಲಲ್ಲಿಯೇ ಇನ್ನೊಂದು ಮಾತು ಎದ್ದು ನಿಲ್ಲುತ್ತದೆ: ಪಡದ ಶ್ರಮಕ್ಕೆ ಬೆಲೆಯಿಲ್ಲ. ಗುಣವಾಗಲಿಲ್ಲವೆಂದು ಹಣ ಹಿಡಿಯುವ ಅಧಿಕಾರ ರೋಗಿಗೆ ಹೇಗೆ ಇಲ್ಲವೋ, ಮಾಡದುದಕ್ಕೆ, ಹೇಳದುದಕ್ಕೆ, ಒಪ್ಪದುದಕ್ಕೆ ಹಣ ಕೇಳುವ ಅಧಿಕಾರ ವೈದ್ಯನಿಗೂ ಹಾಗೆಯೇ ಇಲ್ಲ. ನಮ್ಮ ಭಾಷಣದ ಸಾರವೆಲ್ಲ ಈ ಒಂದು ಮಾತಿನಲ್ಲಿದೆಯೆಂದು ತಿಳಿಯಬಹುದು.

ಇದನ್ನು ಒಂದು ನಿದರ್ಶನದಿಂದ ಪರೀಕ್ಷಿಸೋಣ. ನಿವೃತ್ತರಾದ ಉಪಾಧ್ಯಾಯರೊಬ್ಬರನ್ನು ಕಲ್ಪಿಸಿಕೊಳ್ಳೋಣ, ರಾಯರೆಂದು ಕರೆಯೋಣ. ಬಲಮೊಣಕಾಲಿನ ನೋವಿಗಾಗಿ ಅವರು ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಎರಡು ಗಂಟೆ ಕಾದರು. ಒಳಗೆ ಕರೆದ ವೈದ್ಯರು ಮೂರು ನಿಮಿಷ ಮಾತನಾಡಿ, ಮೊಣಕಾಲನ್ನು ಮುಟ್ಟಿಯೂ ನೋಡದೆ, ಪರೀಕ್ಷೆಗಳನ್ನು ಬರೆದುಕೊಟ್ಟರು. ಕೊನೆಗೆ ಬಂದ ಬಿಲ್ಲು ಹೀಗಿದೆ: ವೈದ್ಯರ ಫೀಜು 900 ರೂಪಾಯಿ, ಹೆಸರು ನೋಂದಣಿ 250, ಎರಡೂ ಮೊಣಕಾಲುಗಳ ಕ್ಷ-ಕಿರಣ ಚಿತ್ರ 1,400, ರಕ್ತಪರೀಕ್ಷೆಗಳು 3,200, ಚುಚ್ಚುಮದ್ದು 650, ಒಟ್ಟು 6,400 ರೂಪಾಯಿ. ರಾಯರು ಹಣ ಕಟ್ಟಿ ಬಂದರು. ಹದಿನೈದು ದಿನಗಳಾದರೂ ನೋವು ಹೋಗಲಿಲ್ಲ. ಹಾಡುಹಗಲೇ ದರೋಡೆಯಾಯಿತೆಂದು ಅವರು ಮನೆಯವರ ಮುಂದೆ ಕೂಗಾಡಿದರು.

ಅವರ ಪತ್ನಿಯು ಬಿಲ್ಲನ್ನು ತಮ್ಮ ಕೈಗೆ ತೆಗೆದುಕೊಂಡು, "ಒಟ್ಟಿಗೆ ಬೈದರೆ ಏನೂ ಹೊರಡುವುದಿಲ್ಲ, ಒಂದೊಂದು ಸಾಲಾಗಿ ನೋಡೋಣ ಬನ್ನಿ" ಎಂದರು. ಇದು ಬಹಳ ಬುದ್ಧಿವಂತಿಕೆಯ ಮಾತು. ಅವರೊಡನೆ ನಾವೂ ನೋಡೋಣ.

ಮೊದಲನೆಯದು, ನೋವು ಹೋಗಲಿಲ್ಲವೆಂಬ ದೂರು. ಇದು ದುಃಖ, ಆದರೆ ತಕರಾರಲ್ಲ. ಮೊಣಕಾಲಿನ ಸವೆತವು ಹದಿನೈದು ದಿನದಲ್ಲಿ ಹೋಗತಕ್ಕ ವ್ಯಾಧಿಯಲ್ಲ. ಇದರ ಆಧಾರದ ಮೇಲೆ ಒಂದು ಕಾಸನ್ನೂ ಹಿಂದಕ್ಕೆ ಕೇಳಲಾಗದು.

ಎರಡನೆಯದು, ಮೂರು ನಿಮಿಷದ ದೂರು. ಇದು ನಡತೆಗೆ ಸಂಬಂಧಪಟ್ಟುದು. ನುರಿತ ವೈದ್ಯನು ಮೂರು ನಿಮಿಷದಲ್ಲಿ ಕಾಣುವುದನ್ನು ನುರಿಯದವನು ಮೂವತ್ತು ನಿಮಿಷದಲ್ಲಿಯೂ ಕಾಣಲಾರನು. ಆದಕಾರಣ ಗಡಿಯಾರವೊಂದನ್ನೇ ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಆದರೆ ನೋವಿರುವ ಅಂಗವನ್ನು ಪರೀಕ್ಷಿಸಲೇ ಇಲ್ಲವೆಂಬುದು ಬೇರೆಯ ಮಾತು. ಅದನ್ನು ವಿನಯದಿಂದ ಬರೆದು ತಿಳಿಸಿ, ಮತ್ತೊಮ್ಮೆ ಫೀಜಿಲ್ಲದೆ ಪರೀಕ್ಷಿಸಿ ವಿವರಿಸಬೇಕೆಂದು ಕೇಳುವುದು ಯುಕ್ತವಾದ ಕೋರಿಕೆ. ಅನೇಕ ವೈದ್ಯರು ಇದಕ್ಕೆ ಒಪ್ಪುವರು.

ಮೂರನೆಯದು, ಎಡಮೊಣಕಾಲಿನ ಚಿತ್ರವೇತಕ್ಕೆ ಎಂಬ ಪ್ರಶ್ನೆ. ಪ್ರಶ್ನೆ ಸಹಜವಾದುದೇ, ಆದರೆ ಉತ್ತರವೂ ಉಂಟು. ನೋವಿರುವ ಕಾಲನ್ನು ನೋವಿಲ್ಲದ ಕಾಲಿನೊಡನೆ ಹೋಲಿಸಿ ನೋಡುವುದು ವೈದ್ಯರಲ್ಲಿ ರೂಢಿ. ಕೇಳಿದರೆ ಒಂದು ವಾಕ್ಯದಲ್ಲಿ ಬಗೆಹರಿಯುವ ಸಂದೇಹವನ್ನು ಕೇಳದೆ ಮನಸ್ಸಿನಲ್ಲಿಟ್ಟುಕೊಂಡರೆ ಅದು ವರ್ಷವಿಡೀ ಬೆಳೆಯುತ್ತದೆ.

ನಾಲ್ಕನೆಯದು, ರಕ್ತಪರೀಕ್ಷೆಗಳು. ಇವು ಏತಕ್ಕೆ, ಎಷ್ಟಾಗುತ್ತದೆ ಎಂದು ರಾಯರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಪರೀಕ್ಷೆಗೆ ಕಾರಣವನ್ನು ಕೇಳುವುದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿ, ಕೇಂದ್ರದ ಆರೋಗ್ಯ ಇಲಾಖೆಯು 2019ರಲ್ಲಿ ರಾಜ್ಯಗಳಿಗೆ ಕಳುಹಿಸಿದ ರೋಗಿಗಳ ಹಕ್ಕುಪತ್ರದಲ್ಲಿ, ಔಷಧವನ್ನೂ ಪರೀಕ್ಷೆಯನ್ನೂ ತನಗೆ ಬೇಕಾದ ಕಡೆಯಲ್ಲಿ ಪಡೆಯುವ ಹಕ್ಕು ರೋಗಿಗೆ ಉಂಟೆಂದು ಹೇಳಿದೆ. ಪರೀಕ್ಷೆಗೆ ಕಳುಹಿಸಿದುದಕ್ಕಾಗಿ ವೈದ್ಯನು ಕಮಿಷನ್ ಪಡೆಯುವುದನ್ನು 2002ರ ನಿಯಮಾವಳಿಯೇ ನಿಷೇಧಿಸಿದೆ. ಆದಕಾರಣ ಈ 3,200 ರೂಪಾಯಿಯ ಸಾಲಿಗೆ ವಿವರಣೆಯನ್ನು ಕೇಳತಕ್ಕದ್ದು. ವಿವರಣೆ ಸಮರ್ಪಕವಾಗಿದ್ದರೆ ಒಪ್ಪತಕ್ಕದ್ದು.

ಕೊನೆಯದಾಗಿ ಎರಡು ಸಾಲುಗಳು ಉಳಿದುವು. ಚುಚ್ಚುಮದ್ದನ್ನು ಮುಂದಿನ ಭೇಟಿಗೆಂದು ಬರೆದಿದ್ದರೇ ಹೊರತು ರಾಯರಿಗೆ ಚುಚ್ಚಿಯೇ ಇರಲಿಲ್ಲ. ನೋಂದಣಿಗೆ 150 ರೂಪಾಯಿಯೆಂದು ಆಸ್ಪತ್ರೆಯ ಗೋಡೆಯ ಫಲಕದಲ್ಲಿ ಬರೆದಿತ್ತು. ಬಿಲ್ಲಿನಲ್ಲಿ 250 ಆಗಿತ್ತು. ಇವೆರಡೂ ಸೇರಿ 750 ರೂಪಾಯಿ. ಇದು ದುಃಖವೂ ಅಲ್ಲ, ಸಂದೇಹವೂ ಅಲ್ಲ, ಅಪ್ಪಟವಾದ ತಕರಾರು. ಇದನ್ನು ಬಿಟ್ಟುಕೊಡುವುದು ಔದಾರ್ಯವೂ ಅಲ್ಲ. ಏಕೆಂದರೆ ರಾಯರಿಂದ ಹೀಗೆ ಹೋದ 750 ರೂಪಾಯಿಯು, ನಾಳೆ ಅದೇ ಕಿಟಕಿಗೆ ಬರುವ ಕೂಲಿಯ ಹೆಂಗಸಿನಿಂದಲೂ ಹೋಗುತ್ತದೆ. ರಾಯರಿಗೆ ಓದಲು ಬರುತ್ತದೆ, ಬರೆಯಲು ಬರುತ್ತದೆ. ಆಕೆಗೆ ಫಲಕವನ್ನು ಓದಲೂ ಬಾರದಿರಬಹುದು. ವಿದ್ಯಾವಂತನು ತನ್ನ ಬಿಲ್ಲನ್ನು ಓದುವುದು ಕೇವಲ ತನ್ನ ಪ್ರಯೋಜನಕ್ಕಾಗಿ ಅಲ್ಲ.

ಹೀಗೆ 6,400 ರೂಪಾಯಿಯ ಕೋಪವು ಕೊನೆಗೆ 750 ರೂಪಾಯಿಯ ತಕರಾರೂ, 3,200 ರೂಪಾಯಿಯ ಪ್ರಶ್ನೆಯೂ, ಒಂದು ಮರುಭೇಟಿಯ ಕೋರಿಕೆಯೂ ಆಗಿ ಬಿಡಿಬಿಡಿಯಾಯಿತು. ಕೋಪವು ಕರಗಿತು, ಆದರೆ ವಾದವು ಗಟ್ಟಿಯಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯು ಒಟ್ಟಾರೆ ಬೈಯುವವನಿಗೆ ಅನ್ವಯಿಸುತ್ತದೆಯೇ ಹೊರತು, ಸಾಲುಸಾಲಾಗಿ ಕೇಳುವವನಿಗೆ ಅಲ್ಲ.

ಇವೆಲ್ಲ ಸಣ್ಣ ಮೊತ್ತಗಳು. ಆದರೆ ಇದೇ ತತ್ತ್ವವು ಬಹಳ ಗಂಭೀರವಾದ ಸಂದರ್ಭದಲ್ಲಿಯೂ ನಿಂತಿದೆಯೆಂಬುದಕ್ಕೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರಂದು ಕೊಟ್ಟ ತೀರ್ಪು ಸಾಕ್ಷಿ. ದೆಹಲಿಯ ಅವಿವಾಹಿತ ಮಹಿಳೆಯೊಬ್ಬರು, ವಯಸ್ಸು 44, ಅತಿಯಾದ ರಕ್ತಸ್ರಾವಕ್ಕಾಗಿ 1995ರ ಮೇ ತಿಂಗಳಲ್ಲಿ ಒಬ್ಬ ವೈದ್ಯೆಯ ಬಳಿಗೆ ಹೋದರು. ದೇಹದೊಳಕ್ಕೆ ನಳಿಗೆಯಿಟ್ಟು ನೋಡುವ ಪರೀಕ್ಷೆಗಾಗಿ ಅವರಿಗೆ ಅರಿವಳಿಕೆ ಕೊಡಲಾಯಿತು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ರೋಗಿಯು ಬಿಲ್ಲನ್ನು ಸಲ್ಲಿಸದೆ ಆಸ್ಪತ್ರೆಯನ್ನು ಬಿಟ್ಟರು. ವೈದ್ಯೆಯು ಪೊಲೀಸರಿಗೆ ದೂರು ಕೊಟ್ಟರು. ರೋಗಿಯು ಗ್ರಾಹಕರ ಆಯೋಗಕ್ಕೆ ಹೋದರು, ಅಲ್ಲಿ ಸೋತರು, ಮೇಲಕ್ಕೆ ಹೋದರು.

ಸರ್ವೋಚ್ಚ ನ್ಯಾಯಾಲಯವು ಹೇಳಿದುದನ್ನು ಗಮನವಿಟ್ಟು ಕೇಳಬೇಕು. ವೈದ್ಯೆಯ ರೋಗನಿರ್ಣಯವು ಸರಿಯಾಗಿತ್ತು, ಚಿಕಿತ್ಸೆಯನ್ನು ಒಳ್ಳೆಯ ಉದ್ದೇಶದಿಂದಲೇ ಮಾಡಲಾಗಿತ್ತು ಎಂದು ನ್ಯಾಯಾಲಯವು ಒಪ್ಪಿತು. ಆದರೆ ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಶಸ್ತ್ರಕ್ರಿಯೆಗೆ ಕೊಟ್ಟ ಒಪ್ಪಿಗೆಯಲ್ಲ; ಪ್ರಾಣಕ್ಕೆ ಆ ಕ್ಷಣದಲ್ಲಿ ಅಪಾಯವಿಲ್ಲದಿರುವಾಗ, ವಯಸ್ಕಳಾದ ಮಗಳ ದೇಹದ ವಿಷಯದಲ್ಲಿ ತಾಯಿಯ ಒಪ್ಪಿಗೆಯೂ ಸಲ್ಲದು; ಎಚ್ಚರವಾಗುವವರೆಗೆ ಕಾದು ಕೇಳಬೇಕಾಗಿತ್ತು ಎಂದು ನಿರ್ಣಯಿಸಿತು. ಆದಕಾರಣ ಆ ಶಸ್ತ್ರಕ್ರಿಯೆಯ ಫೀಜು ಪೂರ್ತಿಯಾಗಿ ವೈದ್ಯೆಗೆ ಸಲ್ಲತಕ್ಕದ್ದಲ್ಲವೆಂದೂ, ಮೇಲಾಗಿ 25,000 ರೂಪಾಯಿ ಪರಿಹಾರವನ್ನು ರೋಗಿಗೆ ಕೊಡತಕ್ಕದ್ದೆಂದೂ ಆಜ್ಞಾಪಿಸಿತು. ರೋಗಿಯು ಕೇಳಿದ್ದುದು ಲಕ್ಷಗಟ್ಟಲೆ, ಬಂದುದು ಇಷ್ಟು, ಅದಕ್ಕೂ ಹಿಡಿದುದು ಹನ್ನೆರಡು ವರ್ಷಗಳಿಗೂ ಮೇಲ್ಪಟ್ಟ ಕಾಲ. ಆದರೆ ಆ ತೀರ್ಪಿನಿಂದ ಒಂದು ತತ್ತ್ವವು ಸ್ಥಿರಪಟ್ಟಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಸರಿಯಾದ ಕೆಲಸವೇ ಆಗಿದ್ದರೂ, ಕೇಳದೆ ಮಾಡಿದ ಕೆಲಸಕ್ಕೆ ಫೀಜು ಇಲ್ಲ. ಕೌಟಲ್ಯನ ಮೊದಲನೆಯ ಪ್ರಶ್ನೆಯು ಇಲ್ಲಿ ಮತ್ತೆ ಕೇಳಿಸುತ್ತದೆಯಲ್ಲವೇ?

ಇನ್ನು ತಕರಾರನ್ನು ನಡೆಸುವ ಕ್ರಮ. ಇದನ್ನು ಸಂಕ್ಷೇಪವಾಗಿ ಹೇಳುವೆವು.

ಮೊತ್ತವನ್ನು ಮಾತ್ರ ಬರೆದ ಬಿಲ್ಲನ್ನು ಒಪ್ಪದೆ, ಬಾಬುವಾರು ವಿವರವಿರುವ ಬಿಲ್ಲನ್ನು ಕೇಳಿ ಪಡೆಯುವುದು ಮೊದಲನೆಯ ಹೆಜ್ಜೆ. ಅದರೊಡನೆ ಔಷಧದ ಚೀಟಿ, ಪರೀಕ್ಷೆಯ ವರದಿ, ರಸೀತಿ ಇವನ್ನು ಒಂದು ಕಡೆ ಇರಿಸತಕ್ಕದ್ದು. ಚಿಕಿತ್ಸೆಯ ದಾಖಲೆಗಳನ್ನು ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕದ್ದೆಂದು 2002ರ ನಿಯಮಾವಳಿಯು ಹೇಳುತ್ತದೆ. ಔಷಧದ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚಾಗಿ ಬಿಲ್ಲಿನಲ್ಲಿ ಹಾಕಿದೆಯೇ ಎಂದೂ ನೋಡಿಕೊಳ್ಳತಕ್ಕದ್ದು. ಹಾಗೆ ಹಾಕಲು ಕಾನೂನಿನ ಸಮ್ಮತಿಯಿಲ್ಲ.

ಎರಡನೆಯದಾಗಿ, ಬಾಯಿಂದ ಹೇಳಬೇಕಾದುದನ್ನು ಬರೆದು ಕೊಡುವುದು. ಪತ್ರವು ಒಂದು ಪುಟವನ್ನು ಮೀರಬಾರದು. ಭೇಟಿಯ ತಾರೀಕು, ಬಿಲ್ಲಿನ ಸಂಖ್ಯೆ, ತಕರಾರಿರುವ ಸಾಲು, ಅದಕ್ಕೆ ಕಾರಣ, ಕೇಳುವ ಪರಿಹಾರ, ಉತ್ತರಕ್ಕೆ ಗಡುವು ಇಷ್ಟಿದ್ದರೆ ಸಾಕು. ಬೈಗುಳ ಬೇಡ, ವೈದ್ಯರ ಗುಣದೋಷಗಳ ವಿಮರ್ಶೆ ಬೇಡ. ಪ್ರತಿಯೊಂದಕ್ಕೆ ಸ್ವೀಕೃತಿಯ ಮೊಹರನ್ನು ಹಾಕಿಸಿಕೊಳ್ಳಬೇಕು. ನಿರ್ವಿವಾದವಾದ ಸಾಲುಗಳ ಹಣವನ್ನು ತಡೆಯದೆ ಸಲ್ಲಿಸಬೇಕು. ಒತ್ತಾಯಕ್ಕೆ ಪೂರ್ತಿ ಸಲ್ಲಿಸಬೇಕಾಗಿ ಬಂದರೆ, ಆಕ್ಷೇಪಣೆಗೆ ಒಳಪಟ್ಟು ಸಲ್ಲಿಸಿದೆ ಎಂದು ಬರೆದು ಸಲ್ಲಿಸಬೇಕು. ಸಲ್ಲತಕ್ಕದ್ದನ್ನು ಸಲ್ಲಿಸಿದವನ ತಕರಾರಿಗೆ ಬರುವ ತೂಕವು, ಎಲ್ಲವನ್ನೂ ಹಿಡಿದಿಟ್ಟವನ ತಕರಾರಿಗೆ ಬಾರದು.

ಇಷ್ಟರಲ್ಲಿ ಬಗೆಹರಿಯದಿದ್ದರೆ ಮುಂದಿನ ಬಾಗಿಲುಗಳು ಮೂರು. ಯಾವ ದೂರಿಗೆ ಯಾವ ಬಾಗಿಲೆಂಬುದನ್ನು ತಿಳಿಯದೆ ಅಲೆಯುವವರೇ ಹೆಚ್ಚು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ ಒಳಪಟ್ಟಿವೆ. ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸತಕ್ಕದ್ದು, ಪ್ರಕಟಿಸಿದುದಕ್ಕಿಂತ ಹೆಚ್ಚಾಗಿ ತೆಗೆದುಕೊಳ್ಳಬಾರದು ಎಂಬುದು ಅದರ ವಿಧಿ. 2017ರ ತಿದ್ದುಪಡಿಯ ಮೂಲಕ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಜಿಲ್ಲಾ ಪ್ರಾಧಿಕಾರಕ್ಕೆ ರೋಗಿಗಳ ದೂರುಗಳನ್ನು ವಿಚಾರಿಸುವ ಹೊಣೆಯನ್ನೂ ಕೊಡಲಾಯಿತು. ಫಲಕದ ದರಕ್ಕೂ ಬಿಲ್ಲಿನ ದರಕ್ಕೂ ಅಂತರವಿದ್ದರೆ ಇದೇ ಬಾಗಿಲು. ವೈದ್ಯನ ನಡತೆಯ ವಿಷಯವಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಆದರೆ ಅದು ವೈದ್ಯನನ್ನು ಎಚ್ಚರಿಸಬಲ್ಲುದು, ಪಟ್ಟಿಯಿಂದ ಹೆಸರನ್ನು ತೆಗೆಯಬಲ್ಲುದು. ನಮ್ಮ ಹಣವನ್ನು ಹಿಂದಕ್ಕೆ ಕೊಡಿಸುವುದು ಅದರ ಕೆಲಸವಲ್ಲ. ಹಣವೂ ಪರಿಹಾರವೂ ಬೇಕಾದವರಿಗೆ ಜಿಲ್ಲಾ ಗ್ರಾಹಕರ ಆಯೋಗವುಂಟು.

ವೈದ್ಯರ ಸೇವೆಯು ಗ್ರಾಹಕರ ಕಾನೂನಿಗೆ ಒಳಪಡುವುದೇ ಎಂಬ ವಿವಾದವನ್ನು ಸರ್ವೋಚ್ಚ ನ್ಯಾಯಾಲಯವು 1995ರ ನವೆಂಬರ್ 13ರಂದು ತೀರಿಸಿತು. ಹಣ ಪಡೆದು ಮಾಡುವ ಚಿಕಿತ್ಸೆಯು ಒಳಪಡುತ್ತದೆ. ಎಲ್ಲರಿಗೂ ಉಚಿತವಾಗಿ ಮಾಡುವ ಚಿಕಿತ್ಸೆಯು ಒಳಪಡುವುದಿಲ್ಲ. 2019ರಲ್ಲಿ ಹೊಸ ಕಾನೂನು ಬಂದ ಮೇಲೆ ವೈದ್ಯರು ಅದರ ಹೊರಗೆ ಉಳಿದರೆಂಬ ವಾದವೂ ಹುಟ್ಟಿತು. 2022ರಲ್ಲಿ ಅದೇ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ದೂರನ್ನು ಎರಡು ವರ್ಷಗಳೊಳಗೆ ಕೊಡತಕ್ಕದ್ದು. ಆಸ್ಪತ್ರೆಯು ಬೇರೆ ಊರಿನಲ್ಲಿದ್ದರೂ ತಾನು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಬಹುದು. ಕೊಟ್ಟ ಹಣವು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ದಾಖಲೆಗೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ಇಬ್ಬರನ್ನೂ ಕೂಡಿಸಿ ಸಂಧಾನ ಮಾಡಿಸುವ ಏರ್ಪಾಡೂ ಹೊಸ ಕಾನೂನಿನಲ್ಲಿ ಇದೆ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಸಲಹೆ ಕೊಡುವರು.

ಇಲ್ಲಿ ವೈದ್ಯರ ಪಕ್ಷದ ಮಾತನ್ನೂ ಹೇಳದಿದ್ದರೆ ನಮ್ಮ ಭಾಷಣವು ಒಂದು ಕಣ್ಣಿನ ನೋಟವಾದೀತು. ಬಿಲ್ಲಿನ ಪ್ರತಿ ಸಾಲನ್ನೂ ವೈದ್ಯರೇ ಬರೆಯಿಸಿದರೆಂದು ಭಾವಿಸುವುದು ತಪ್ಪು. ಸಂಬಳಕ್ಕೆ ದುಡಿಯುವ ಎಷ್ಟೋ ವೈದ್ಯರು ತಮ್ಮ ರೋಗಿಯ ಬಿಲ್ಲನ್ನು ಕಣ್ಣಿನಿಂದಲೂ ಕಂಡಿರುವುದಿಲ್ಲ. ನಿರ್ಣಯದಲ್ಲಿ ಆದ ಪ್ರತಿಯೊಂದು ತಪ್ಪೂ ಅಲಕ್ಷ್ಯವಲ್ಲವೆಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರವಾಗಿ ಹೇಳಿದೆ. ಸಾಧಾರಣ ಸಾಮರ್ಥ್ಯವುಳ್ಳ ವೈದ್ಯನು ತೋರಿಸತಕ್ಕ ಎಚ್ಚರವನ್ನು ತೋರಿಸಿದರೆ ಅವನು ನಿರ್ದೋಷಿ. ಹೊಡೆತಕ್ಕೂ ದೂರಿಗೂ ಹೆದರಿದ ವೈದ್ಯನು ತನ್ನ ರಕ್ಷಣೆಗಾಗಿ ಒಂದಕ್ಕೆ ನಾಲ್ಕು ಪರೀಕ್ಷೆಗಳನ್ನು ಬರೆಯುತ್ತಾನೆ. ಆ ನಾಲ್ಕರ ಹಣವೂ ಮತ್ತೆ ರೋಗಿಯ ಬಿಲ್ಲಿಗೇ ಬರುತ್ತದೆ. ವೈದ್ಯರ ಮೇಲೆ ಕೈಮಾಡುವವರನ್ನು ಶಿಕ್ಷಿಸಲು ಕರ್ನಾಟಕದಲ್ಲಿ 2009ರಲ್ಲಿ ಪ್ರತ್ಯೇಕವಾದ ಕಾನೂನನ್ನೇ ಮಾಡಬೇಕಾಯಿತೆಂಬುದು ನಾಗರಿಕರೆನಿಸಿಕೊಳ್ಳುವ ನಮಗೆ ಗೌರವ ತರುವ ಸಂಗತಿಯಲ್ಲ.

ವೈದ್ಯ ಮಹಾಶಯರಲ್ಲಿಯೂ ಒಂದು ಬಿನ್ನಹ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಸ್ವಭಾವ ರೋಗಿಗಳಲ್ಲಿ ಇಲ್ಲವೆನ್ನಲಾಗದು. ಆದರೆ ದೋಣಿ ಹತ್ತುವ ಮೊದಲೇ ಕೂಲಿ ಇಷ್ಟೆಂದು ಹೇಳಿದ ಅಂಬಿಗನಿಗೆ ಆಚೆ ದಡದಲ್ಲಿ ಜಗಳ ಕಡಮೆ. ಯಾವ ಪರೀಕ್ಷೆ, ಏತಕ್ಕೆ, ಸುಮಾರು ಎಷ್ಟು ಎಂಬ ಮೂರು ಮಾತುಗಳಿಗೆ ಒಂದು ನಿಮಿಷವೂ ಹಿಡಿಯದು. ಆ ಒಂದು ನಿಮಿಷವನ್ನು ಉಳಿಸಿದ ಕಡೆಗಳಲ್ಲೆಲ್ಲ ಮುಂದೆ ವರ್ಷಗಟ್ಟಲೆ ಮೊಕದ್ದಮೆ ನಡೆಯುವುದುಂಟು. ರೋಗಿಯು ಬಿಲ್ಲನ್ನು ಪ್ರಶ್ನಿಸಿದರೆ ಅದು ವೈದ್ಯರ ವಿದ್ಯೆಯ ಮೇಲೆ ಎಸೆದ ಕಲ್ಲಲ್ಲ. ಬಹಳ ಮಟ್ಟಿಗೆ, ತನ್ನನ್ನು ಯಾರೂ ಸಮಾಧಾನವಾಗಿ ಕೇಳಿಸಿಕೊಳ್ಳಲಿಲ್ಲವೆಂಬ ಕೊರಗೇ ಅಂಕಿಗಳ ವೇಷವನ್ನು ತೊಟ್ಟು ಕಿಟಕಿಯ ಮುಂದೆ ನಿಂತಿರುತ್ತದೆ.

ಶ್ರೋತೃಗಳೇ, ವೈದ್ಯ, ಔಷಧ, ಪರಿಚಾರಕ, ರೋಗಿ ಈ ನಾಲ್ವರನ್ನು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕಸಂಹಿತೆಯು ಎಣಿಸಿದೆ. ರೋಗಿಯೂ ಅವುಗಳಲ್ಲಿ ಒಂದು ಪಾದವೆಂಬುದನ್ನು ಮರೆಯಬಾರದು. ಪಾದವಾದುದು ಭಾರವನ್ನು ಹೊರಬೇಕು, ಸುಮ್ಮನೆ ನೇತಾಡಿಕೊಂಡಿರಬಾರದು. ಕೇಳಬೇಕಾದುದನ್ನು ಮೊದಲೇ ಕೇಳುವುದು, ಸಲ್ಲತಕ್ಕ ಫೀಜನ್ನು ಸಂತೋಷವಾಗಿ ಸಲ್ಲಿಸುವುದು, ಸಲ್ಲದುದನ್ನು ದನಿಯೆತ್ತದೆ, ಆದರೆ ಲೇಖನಿಯನ್ನು ಕೆಳಗಿಡದೆ ಪ್ರಶ್ನಿಸುವುದು ಈ ಮೂರೂ ರೋಗಿಯ ಪಾಲಿಗೆ ಬಂದ ಧರ್ಮ. ಇದನ್ನು ನಡೆಸಿದ ಮನೆಯಲ್ಲಿ ವೈದ್ಯರ ಗೌರವವೂ ಉಳಿಯುತ್ತದೆ. ಮನೆಯವರ ಹಣವೂ ಉಳಿಯುತ್ತದೆ. ತಮಗೆಲ್ಲರಿಗೂ ಆರೋಗ್ಯಭಾಗ್ಯವಿರಲಿ; ಬಿಲ್ಲನ್ನು ಓದಬೇಕಾದ ಪ್ರಸಂಗವೇ ಬಾರದಿರಲಿ; ಬಂದರೆ, ಕೊನೆಯ ಸಾಲಿನ ಮೊತ್ತವನ್ನು ನೋಡುವುದಕ್ಕೆ ಮುಂಚೆ ಮೊದಲನೆಯ ಸಾಲಿನಿಂದ ಓದುವ ತಾಳ್ಮೆಯಿರಲಿ ಎಂದು ಹಾರೈಸಿ ವಿರಮಿಸುವೆವು.